ಸಿಟಿ ಬಸ್ಸಲ್ಲಿ ಓಡ್ಸೋದ್ಕಿಂತ ನಿಲ್ಸೋದೇ ದೊಡ್ಡ ಕೆಲ್ಸ

ಮಂಡ್ಯ ಕಡೆ ಕಬ್ಬಿನ ಲಾರಿ ಓಡಿಸ್ಕೊಂಡಿದ್ದೋನು ನಾನು. ಬ್ಯಾಡ್ಜ್ ಮಾಡಿಸ್ಕೊಂಡು ಮೈಸೂರು ಸಿಟಿ ಬಸ್ಸಿಗೆ ಬಂದ್ಮೇಲೆ ಗೊತ್ತಾಗಿದ್ದು, ಇಲ್ಲಿ ಗಾಡಿ ನಿಲ್ಸೋದ್ರಲ್ಲೇ ಅರ್ಧಕ್ಕರ್ಧ ಕೆಲ್ಸ ಇದೆ ಅಂತ. ಲಾರೀಲಿ ಜೋರಾಗಿ ಬ್ರೇಕ್ ಹೊಡೆದ್ರೆ ಕಬ್ಬಿಗೇನೂ ಆಗಲ್ಲ, ಬಸ್ಸಲ್ಲಿ ಹಂಗೆ ಹೊಡೆದ್ರೆ ಕೆ.ಆರ್. ಆಸ್ಪತ್ರೆಗೆ ಅಂತ ಹೊರಟಿರೋ ಅಜ್ಜಿ ಕಂಬಕ್ಕೆ ತಲೆ ಹೊಡ್ಕೋತಾರೆ.

ಅದ್ಕೆ ಸ್ಟಾಪ್ ದೂರ ಇರೋವಾಗ್ಲೇ ಆಕ್ಸಿಲರೇಟರ್ ಬಿಟ್ಬಿಡ್ತೀನಿ. ಇಂಡಿಕೇಟರ್ ಹಾಕೋಕ್ ಮುಂಚೆ ಎಡಗಡೆ ಕನ್ನಡಿ ನೋಡ್ತೀನಿ, ಬ್ರೇಕ್ ಮೇಲೆ ಕಾಲಿಟ್ಟಾಗ ಇನ್ನೊಂದ್ಸಲ, ಬಾಗ್ಲು ತೆಗೆಯೋಕ್ ಮುಂಚೆ ಮತ್ತೆ ನೋಡ್ತೀನಿ, ಯಾಕಂದ್ರೆ ಬಸ್ ಎಡಕ್ಕೆ ವಾಲ್ತಾ ಇದೆ ಅಂತ ಕಂಡ ತಕ್ಷಣ ಆ ಸಂದೀಲೇ ನುಗ್ಗೋ ಸ್ಕೂಟರಿನೋರು ಇದ್ದೇ ಇರ್ತಾರೆ, ಇಳಿಯೋರು ಸೀದಾ ಅವ್ರ ಮುಂದೇನೇ ಕಾಲಿಡ್ತಾರೆ. ಸ್ಟಾಪಲ್ಲಿ ಆಟೋ ನಿಂತಿದ್ರೆ ಇನ್ನೂ ಕಷ್ಟ. ರೋಡ್ ಮಧ್ಯ ಇಳಿಸೋದು ಸುಲಭ ಆದ್ರೆ ನಾನ್ ಇಳಿಸಲ್ಲ, ಒಂದಿಷ್ಟು ಮುಂದಕ್ ಹೋಗಿ ಪಕ್ಕಕ್ಕೆ ಜಾಗ ಸಿಗೋ ಕಡೆ ನಿಲ್ಲಿಸ್ತೀನಿ, ಹಿಂದಿಂದ ಓಡಿ ಬರೋರು ಬೈಕೊಂಡ್ರೂ ಪರ್ವಾಗಿಲ್ಲ, ಕಾದು ಹತ್ತಿಸ್ಕೊಂಡೇ ಹೋಗ್ತೀನಿ.

ಹೊಸ್ದಾಗಿ ಬರೋ ಡ್ರೈವರ್‌ಗಳಿಗೆ ನಾನು ಮೊದ್ಲು ಹೇಳೋದು ಗಾಡಿ ಬಾಲದ ವಿಷ್ಯ. ಹಿಂದಿನ ಚಕ್ರ ಆದ್ಮೇಲೂ ಬಾಡಿ ಎಷ್ಟೊಂದು ಉದ್ದ ಇರುತ್ತೆ ನೋಡಿ, ಸ್ಟಾಪಿಂದ ಹೊರಡುವಾಗ ಸ್ಟೇರಿಂಗ್ ಬಲಕ್ಕೆ ಪೂರ್ತಿ ತಿರುಗ್ಸಿದ್ರೆ ಮೂತಿ ಬಲಕ್ಕೆ ಹೋಗುತ್ತೆ, ಬಾಲ ಎಡಕ್ಕೆ ಬಂದು ಫುಟ್‌ಪಾತ್ ಅಂಚಲ್ಲಿ ನಿಂತೋರಿಗೆ ತಗುಲುತ್ತೆ. ಕಂಡಕ್ಟರ್ ಡಬಲ್ ವಿಷಲ್ ಕೊಟ್ರೂ ಮೊದ್ಲು ಸ್ವಲ್ಪ ನೇರ ಹೋಗಿ ಆಮೇಲೆ ನಿಧಾನಕ್ಕೆ ಬಲಕ್ಕೆ ತಗೋಬೇಕು.

2023 ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ್ಮೇಲೆ ಹೆಣ್ಮಕ್ಕಳು ತುಂಬಾ ಜನ ಬರ್ತಾರೆ. ನಂಗೆ ಸಂತೋಷಾನೇ, ಮನೆಗೆಲಸಕ್ಕೆ ಹೋಗೋರು, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಹೋಗೋರು ಟಿಕೆಟ್ ದುಡ್ಡು ಉಳಿಸ್ಕೋತಾರೆ. ಆದ್ರೆ ಮುಂದಿನ ಬಾಗ್ಲಲ್ಲಿ ಜನ ಗಿಜಿಗುಟ್ಟಿದ್ರೆ ಎಡಗಡೆ ಕನ್ನಡೀನೇ ಕಾಣಲ್ಲ. ಬರೀ "ಒಳಗೆ ನಡೀರಿ" ಅಂದ್ರೆ ಯಾರೂ ಕೇಳಲ್ಲ, "ಅಮ್ಮಾ, ಕನ್ನಡಿ ಕಾಣ್ತಿಲ್ಲ, ಎರಡ್ ಹೆಜ್ಜೆ ಒಳಕ್ ಬನ್ನಿ" ಅಂತ ಕಾರಣ ಸಮೇತ ಹೇಳಿದ್ರೆ ಬರ್ತಾರೆ, ಪಕ್ಕದೋರ್ನೂ ಅವ್ರೇ ಒಳಕ್ ಕರ್ಕೋತಾರೆ.

ಮೈಕೈ ವಿಷ್ಯಕ್ ಬಂದ್ರೆ ಎಡಗಾಲು. ಸಂಜೆ ಸಯ್ಯಾಜಿರಾವ್ ರೋಡಲ್ಲಿ ಕ್ಲಚ್ ಒತ್ತಿ ಒತ್ತಿ ಮಂಡಿ ಹಿಡ್ಕೊಳುತ್ತೆ, ಮುಂದೆ ಇಂಜಿನ್ ಇರೋ ಗಾಡಿ ಆದ್ರೆ ಅದೇ ಕಾಲಿಗೆ ಬಾನೆಟ್ ಶಾಖ ಬೇರೆ. ಸಿಗ್ನಲಲ್ಲಿ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಹಾಕಿ ಕಾಲು ತೆಗೆದ್ಬಿಡ್ತೀನಿ, ಸಣ್ಣ ಅಭ್ಯಾಸ, ಆದ್ರೆ ಡ್ಯೂಟಿ ಮುಗಿಯೋ ಹೊತ್ತಿಗೆ ವ್ಯತ್ಯಾಸ ಗೊತ್ತಾಗುತ್ತೆ. ಮೂತ್ರಕ್ಕೆ ಹೋಗೋಕ್ ಟೈಮ್ ಇರಲ್ಲ ಅಂತ ನೀರೇ ಕುಡಿಯದೆ ಇರೋ ಡ್ರೈವರ್‌ಗಳು ಸುಮಾರ್ ಜನ ಇದಾರೆ, ದಯವಿಟ್ಟು ಹಂಗ್ ಮಾಡ್ಬೇಡಿ, ಕಿಡ್ನೀಲಿ ಕಲ್ಲಾಗಿ ಒದ್ದಾಡಿದೋರ್ನ ನೋಡಿದೀನಿ.

201 ಅಂದ್ರೆ ಚಾಮುಂಡಿ ಬೆಟ್ಟದ ರೂಟು, ಅದ್ರ ಲೆಕ್ಕಾನೇ ಬೇರೆ. ಹತ್ತೋದು ಕಷ್ಟ ಅಂತ ಜನ ಅನ್ಕೊಂಡಿದಾರೆ, ಭಯ ಇರೋದು ಇಳಿಯೋದ್ರಲ್ಲಿ. ಯಾವ ಗೇರಲ್ಲಿ ಹತ್ತುತ್ತೋ ಅದೇ ಗೇರಲ್ಲೇ ಇಳಿಸ್ಬೇಕು, ಇಂಜಿನ್ನೇ ಗಾಡೀನ ಹಿಡ್ಕೊಳುತ್ತೆ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿದ್ರೆ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತೆ, ಡ್ರಮ್ ಕಾದು ಬ್ರೇಕ್ ಹಿಡಿಯೋದೇ ಕಮ್ಮಿ ಆಗುತ್ತೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದ್ರೆ ಏರೂ, ಅಂದ್ರೆ ಬ್ರೇಕ್ ಹಿಡಿಸೋ ಗಾಳಿ ಒತ್ತಡಾನೂ, ಇಳಿಯುತ್ತೆ. ಕೆಎಂಪಿಎಲ್, ಅಂದ್ರೆ ಲೀಟರಿಗೆ ಓಡೋ ಕಿಲೋಮೀಟರು, ಕಮ್ಮಿ ಬಂತು ಅಂತ ಯಾರೇ ಕೇಳ್ಲಿ, ಬೆಟ್ಟದಲ್ಲಿ ಮಾತ್ರ ನಾನು ಡೀಸೆಲ್ ಲೆಕ್ಕ ಹಾಕಲ್ಲ. ಆಷಾಢ ಶುಕ್ರವಾರ ಗಾಡಿ ತುಂಬಾ ಭಕ್ತರು ಕಣ್ಮುಚ್ಕೊಂಡು ಕೂತಿರ್ತಾರೆ, ಅವ್ರು ತಾಯಿ ಮೇಲಿಟ್ಟಷ್ಟೇ ನಂಬಿಕೆ ನಮ್ ಮೇಲೂ ಇಟ್ಟಿರ್ತಾರೆ.

ಇದೆಲ್ಲಾ ನೆಟ್ಟಗೆ ಮಾಡ್ಬೇಕು ಅಂದ್ರೆ ಟೈಮ್ ಬೇಕು, ಅದೇ ಇರಲ್ಲ. ಒಂದು ಟ್ರಿಪ್ಪಿಗೆ ಇಷ್ಟೊತ್ತು ಅಂತ ರನ್ನಿಂಗ್ ಟೈಮ್ ಹಾಕಿದ್ದು ರೋಡ್ ಖಾಲಿ ಇದ್ದ ಕಾಲಕ್ಕೆ, ಈಗ ಶನಿವಾರ ಭಾನುವಾರ ಅರಮನೆ ಸುತ್ತ, ಹಾರ್ಡಿಂಜ್ ಸರ್ಕಲ್ ಹತ್ರ ಗಾಡಿ ಕದಲೋದೇ ಇಲ್ಲ, ದಸರಾ ಲೈಟಿಂಗ್ ಟೈಮಂತೂ ಕೇಳ್ಲೇಬೇಡಿ. ಲೇಟಾದ್ರೆ ಕೊನೆಗೆ ಹೋಗೋದು ನಮ್ ರೆಸ್ಟೇ. 2025ರ ನವೆಂಬರ್‌ವರ್ಗೂ ಜಾರೀಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ಒಂದೇ ಸಮ 5 ಗಂಟೆಗಿಂತ ಜಾಸ್ತಿ ದುಡಿಸೋ ಹಾಗಿರ್ಲಿಲ್ಲ, ಅಷ್ಟರೊಳಗೆ ಅರ್ಧ ಗಂಟೆನಾದ್ರೂ ವಿರಾಮ ಕೊಡ್ಬೇಕಿತ್ತು. ಇದು ತುಂಬಾ ಜನ ಡ್ರೈವರ್‌ಗಳಿಗೇ ಗೊತ್ತಿರ್ಲಿಲ್ಲ.

ನಾನೂ ನಮ್ ಕಂಡಕ್ಟರೂ ಜಗಳಕ್ ಹೋಗ್ಲಿಲ್ಲ. ಪ್ರತಿ ಟ್ರಿಪ್ ಎಲ್ಲಿ ಎಷ್ಟೊತ್ತು ಸಿಕ್ಕಾಕೊಂಡ್ತು, ಯಾವ ಸ್ಟಾಪಲ್ಲಿ ಎಷ್ಟ್ ಲೇಟು ಅಂತ ಒಂದು ನೋಟ್‌ಬುಕ್ಕಲ್ಲಿ ಬರೀತಾ ಬಂದ್ವಿ, ತಿಂಗಳಾನುಗಟ್ಲೆ ಬರೆದು ಅರ್ಜಿ ಜೊತೆ ಕೊಟ್ವಿ. ಸಂಜೆ ಟ್ರಿಪ್ಪಿಗೆ ಕೆಲವು ನಿಮಿಷ ಜಾಸ್ತಿ ಸಿಕ್ತು, ಈಗ ಅಜ್ಜಿ ಸೀಟಲ್ಲಿ ಕೂತ್ಕೊಳೋವರ್ಗೂ ಕಾದು ಗಾಡಿ ತೆಗೆಯೋಕ್ ಆಗುತ್ತೆ. ಬೆಳಗ್ಗೆ ಟ್ರಿಪ್ದು ಇನ್ನೂ ಆಗಿಲ್ಲ, ಬರೀತಾ ಇದೀವಿ.