ನೆರೆ ಏರುವ ಬೈಲಿನಲ್ಲಿ ಕಾರ್ತಿ ಬೆಳೆ: ನನ್ನ ಅನುಭವ

ಉಡುಪಿಯ ಸ್ವರ್ಣಾ ನದಿಯ ದಂಡೆಗೆ ತಾಗಿದ ನಮ್ಮ ಎರಡೂವರೆ ಎಕರೆ ಬೈಲುಗದ್ದೆಯಿಂದ (ತಗ್ಗಿನ ಗದ್ದೆಯಿಂದ) ಈಗ ಕೆಲವು ವರ್ಷಗಳಿಂದ ಕಾರ್ತಿ ಬೆಳೆ, ಅಂದರೆ ಮಳೆಗಾಲದ ಭತ್ತ, ತಪ್ಪದೆ ಮನೆಗೆ ಬರುತ್ತಿದೆ. 2020ರ ಸೆಪ್ಟೆಂಬರ್ 20ರ ನೆರೆಯ ನಂತರ ನಾನು ಮತ್ತೆ ನೇಜಿ (ಭತ್ತದ ಸಸಿ) ಹಾಕಲು ಹೊರಟಾಗ "ಇದು ಹೊಳೆಗೆ ಬೀಜ ಚೆಲ್ಲುವ ಕೆಲಸ ಮಾರಾಯ್ರೆ" ಎಂದವರೇ ಈಗ ಬಿತ್ತನೆ ಬೀಜ ಕೇಳಿಕೊಂಡು ಬರುತ್ತಿರುವುದರಿಂದ, ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಉಡುಪಿಗೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಹೊಸತಲ್ಲ. ಆದರೆ ಹಿಂದೆ ತಿಂಗಳಿಡೀ ಹರಡಿಕೊಂಡು ಬೀಳುತ್ತಿದ್ದ ಮಳೆ ಈಗ ಎರಡು ಮೂರು ದಿನಗಳಲ್ಲಿ ಸುರಿದುಬಿಡುತ್ತದೆ, ನಡುವೆ ಆಟಿ ತಿಂಗಳಲ್ಲೇ (ಜುಲೈ-ಆಗಸ್ಟ್) ಗದ್ದೆ ಒಣಗುವಷ್ಟು ಬಿಸಿಲು ಕಾಯುತ್ತದೆ. ಅಂಥ ಮಳೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಭರತಕ್ಕೆ (ಸಮುದ್ರದ ಉಬ್ಬರಕ್ಕೆ) ಸಿಕ್ಕಿತೆಂದರೆ, ಕೋಡಿಬೆಂಗ್ರೆಯ ಅಳಿವೆಯಿಂದ ಮೇಲಕ್ಕೆ ಒತ್ತುವ ಸಮುದ್ರದ ನೀರು ಹೊಳೆಯನ್ನು ಇಳಿಯಲು ಬಿಡುವುದಿಲ್ಲ. ಒಂದೇ ದಿನದಲ್ಲಿ ಬಸಿದು ಹೋಗಬೇಕಾದ ನೆರೆ ವಾರದವರೆಗೂ ಗದ್ದೆಯಲ್ಲೇ ನಿಲ್ಲುತ್ತದೆ.

ಮೊದಲು ಎಲ್ಲರಂತೆ ಎಂ.ಓ.-4 ತಳಿಯ ಭತ್ತ ಹಾಕಿ ಯಂತ್ರನಾಟಿ ಮಾಡಿಸುತ್ತಿದ್ದೆವು. ಎಕರೆಗೆ ನಾಲ್ಕೂವರೆ ಐದು ಸಾವಿರದಲ್ಲಿ ನಾಟಿ ಮುಗಿಯುತ್ತಿತ್ತು, ಬೈಲಿಗಿಂತ ಎತ್ತರದ ಮಜಲು ಗದ್ದೆಯಲ್ಲಿ ಅದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಆದರೆ ಹದಿನೆಂಟು ಇಪ್ಪತ್ತು ದಿನದ ಚಾಪೆ ನೇಜಿ ಗೇಣುದ್ದವೂ ಇರುವುದಿಲ್ಲ. ಬೈಲಿನಲ್ಲಿ ನಾಟಿಯಾಗಿ ಬೇರು ಹಿಡಿಯುವ ಮೊದಲೇ ನೀರು ಏರಿದರೆ ಅರ್ಧ ತೇಲಿ ಹೋಗುತ್ತದೆ, ಉಳಿದರ್ಧ ಕೊಳೆಯುತ್ತದೆ. ಎರಡೆರಡು ಸಲ ನಾಟಿ ಮಾಡಿದ ವರ್ಷ ಎಕರೆಗೆ ಮೂವತ್ತು ಸಾವಿರದ ಹತ್ತಿರ ಖರ್ಚಾಗಿ ಕೈಗೆ ಬಂದದ್ದು ಏಳೆಂಟು ಕ್ವಿಂಟಲ್ ಭತ್ತ, ಅದರಲ್ಲೂ ಜೊಳ್ಳೇ ಹೆಚ್ಚು.

ಆಮೇಲೆ ಮುಳುಗಡೆ ತಾಳುತ್ತದೆಂದು ಸ್ವರ್ಣ ಸಬ್-1 ಎಂಬ ಭತ್ತದ ತಳಿ ತರಿಸಿ ಕಾಲು ಎಕರೆಯಲ್ಲಿ ಹಾಕಿದೆ. ಹೇಳಿದಂತೆಯೇ ಅದು ನೀರಿನಡಿ ಬದುಕಿತು, ಆದರೆ ಅಕ್ಕಿ ಬಿಳಿ. ಕೆಂಪು ಕುಚ್ಚಲಕ್ಕಿ ಉಣ್ಣುವ ಊರಿನಲ್ಲಿ ಅದನ್ನು ಮಿಲ್ಲಿನವರು ಕೇಳಿದ್ದೇ ಕಡಿಮೆ ದರಕ್ಕೆ, ನಮ್ಮ ಮನೆಯಲ್ಲೂ ಅದರ ಗಂಜಿ ಯಾರಿಗೂ ರುಚಿಸಲಿಲ್ಲ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದವರು ನೆರೆ ನಿಲ್ಲುವ ತಗ್ಗು ಗದ್ದೆಗಾಗಿಯೇ ಕೊಟ್ಟ ಕೆಂಪಕ್ಕಿಯ ತಳಿ ಸಹ್ಯಾದ್ರಿ ಪಂಚಮುಖಿ ಸಿಕ್ಕಿದ ಮೇಲೆ ಆ ತೊಂದರೆ ತೀರಿತು. ನನ್ನ ಗದ್ದೆಯಲ್ಲಿ ಅದು ವಾರಕ್ಕಿಂತ ಹೆಚ್ಚು ಮುಳುಗಿಯೂ ಚಿಗುರಿದೆ.

ಆದರೆ ತಳಿಯೊಂದನ್ನೇ ನಂಬಿ ಬೈಲಿಗೆ ಇಳಿಯಬಾರದು. ನಾನು ಯಂತ್ರವನ್ನು ಬಿಟ್ಟು, ಮೂವತ್ತು ದಿನ ದಾಟಿದ, ಮೊಣಕಾಲೆತ್ತರದ ನೇಜಿಯನ್ನು ಕೈಯಿಂದ ನೆಡಿಸುತ್ತೇನೆ. ನೇಜಿಯ ತುದಿ ಕತ್ತರಿಸುವ ರೂಢಿಯನ್ನು ನಿಲ್ಲಿಸಿದೆ, ಏಕೆಂದರೆ ನೀರಿನ ಮೇಲೆ ಎರಡು ಅಂಗುಲ ಎಲೆ ಉಳಿದರೂ ಗಿಡ ಉಸಿರಾಡುತ್ತದೆ. ಬಲಿತ ನೇಜಿ ತೆಂಡೆ (ಬುಡದ ಮರಿ) ಒಡೆಯುವುದು ಕಡಿಮೆಯಾದ್ದರಿಂದ ಬುಡಕ್ಕೆ ನಾಲ್ಕೈದರಂತೆ ಒತ್ತಾಗಿ ನೆಡಬೇಕು. ಬೀಜ ಎಕರೆಗೆ ಇಪ್ಪತ್ತೈದು ಕಿಲೋ ಇದ್ದದ್ದು ಮೂವತ್ತೈದರ ಹತ್ತಿರ ಬೇಕಾಗುತ್ತದೆ, ನಾಟಿಯ ಕೂಲಿ ಒಂಬತ್ತು ಸಾವಿರ ದಾಟುತ್ತದೆ. ಜೊತೆಗೆ ಎಲ್ಲ ಗದ್ದೆಗೂ ಒಟ್ಟಿಗೆ ನೇಜಿ ಹಾಕುವುದಿಲ್ಲ, ಎರಡು ವಾರ ಅಂತರ ಬಿಟ್ಟು ಎರಡು ಕಂತು ಮಾಡುತ್ತೇನೆ. ಹೂ ಬಿಡುವಾಗ ನೆರೆ ಬಂದರೆ ಯಾವ ತಳಿಯೂ ತಡೆಯುವುದಿಲ್ಲ, ಸೆಪ್ಟೆಂಬರಿನ ನೆರೆ ಎರಡೂ ಕಂತನ್ನು ಒಟ್ಟಿಗೆ ಕೆಡಿಸಬಾರದು ಎಂಬುದೇ ಇದರ ಲೆಕ್ಕ.

ಹೆಚ್ಚು ಹಣ ತಿಂದದ್ದು ನೀರು ಬಸಿಯುವ ತೋಡಿನ (ಕಾಲುವೆಯ) ಬಾಯಿ. ಗದ್ದೆಯ ನೀರು ಹೊಳೆಗೆ ಬೀಳುವ ಮೋರಿಗೆ ಭರತ ಬಂದಾಗ ತಾನೇ ಮುಚ್ಚಿ ಇಳಿತಕ್ಕೆ ತಾನೇ ತೆರೆಯುವ ಬಾಗಿಲು ಬೇಕೆಂದು ಮೊದಲು ಹಲಗೆಯದನ್ನು ಮಾಡಿಸಿದೆ. ಎಂಟು ಸಾವಿರ ಕೊಟ್ಟ ಆ ಬಾಗಿಲು ಒಂದೇ ಮಳೆಗಾಲಕ್ಕೆ ಉಬ್ಬಿಹೋಯಿತು, ಮಡಲು, ಅಂತರಗಂಗೆ ಸಿಕ್ಕಿಕೊಂಡರೆ ಅರೆತೆರೆದೇ ನಿಲ್ಲುತ್ತಿತ್ತು. ತಗಡಿನದು ಉಪ್ಪುನೀರಿಗೆ ತುಕ್ಕು ಹಿಡಿಯಿತು. ಈಗಿರುವುದು ಹಳೆಯ ನೀಲಿ ಡ್ರಮ್ಮನ್ನು ಕತ್ತರಿಸಿ ಮೇಲಂಚಿಗೆ ನೈಲಾನ್ ಹಗ್ಗದಲ್ಲಿ ತೂಗುಹಾಕಿದ ಮುಚ್ಚಳ. ಖರ್ಚು ಸಾವಿರದೊಳಗೆ, ಮೂರು ಮಳೆಗಾಲ ಕಳೆದರೂ ಗಟ್ಟಿಯಾಗಿದೆ. ಅದರ ಕೆಳಅಂಚಿಗೆ ಏನನ್ನು, ಎಷ್ಟು ತೂಕಕ್ಕೆ ಕಟ್ಟಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಇಳಿತದ ಹೊತ್ತಿಗೆ ಬಂದು ನೋಡಲಿ. ಏಡಿ ಕೊರೆದ ದಂಡೆಯನ್ನು ಮಾತ್ರ ಪ್ರತಿ ವರ್ಷ ಮೇ ತಿಂಗಳಲ್ಲಿ ಜೇಡಿಮಣ್ಣು ಹಾಕಿ ತುಳಿಯಲೇಬೇಕು.

ನೆರೆ ಇಳಿದ ಮೊದಲ ದಿನಗಳಲ್ಲೇ ಹೆಚ್ಚಿನವರ ಬೆಳೆ ಹೋಗುವುದು. ಎಲೆಯ ಮೇಲೆ ಬೂದು ಮಣ್ಣಿನ ತೆಳು ಪದರ ಕೂತಿರುತ್ತದೆ, ಉಗುರಿನಿಂದ ಕೆರೆದರೆ ಅಡಿಯಲ್ಲಿ ಹಸಿರು ಕಾಣುತ್ತದೆ. ಆ ಪದರ ಬಿಸಿಲಿಗೆ ಒಣಗಿ ಗಟ್ಟಿಯಾಗುವ ಮೊದಲೇ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿನಿಂದ ತಿಳಿನೀರು ಸಿಂಪಡಿಸಿ ತೊಳೆಯುತ್ತೇವೆ. ನಂತರ ಅಲ್ಲಲ್ಲಿ ಒಂದೊಂದು ಗಿಡ ಕಿತ್ತು ಬುಡವನ್ನು ಸೀಳಿ ನೋಡುತ್ತೇನೆ: ಒಳಗೆ ಬಿಳಿಯಾಗಿ ಗಟ್ಟಿಯಿದ್ದರೆ ಎಲೆಯೆಲ್ಲ ಹಳದಿಯಾದರೂ ಗಿಡ ಬದುಕುತ್ತದೆ, ಕಂದಾಗಿ ವಾಸನೆ ಬಂದರೆ ಹೋಯಿತು. ನೀರು ಇಳಿದ ಮರುದಿನವೇ ಯೂರಿಯಾ ಎರಚುವುದು ಸೊರಗಿದ ಗಿಡವನ್ನು ಕೈಯಾರೆ ಕೊಂದಂತೆ. ಹೊಸ ಎಲೆ ಬಿಚ್ಚಿಕೊಳ್ಳುವವರೆಗೆ, ಅಂದರೆ ವಾರ ಹತ್ತು ದಿನ ಕಾದು, ಸ್ವಲ್ಪವೇ ಯೂರಿಯಾವನ್ನು ಪೊಟ್ಯಾಷ್ ಜೊತೆಗೆ ಕೊಡುತ್ತೇನೆ.

ಹೊಳೆಯ ಪಕ್ಕದ ಐದಾರು ಸೆಂಟ್ಸ್ ಜಾಗದಲ್ಲಿ ಕುಮಟಾ ಕಡೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ಬೆಳೆಯುವ ಕಗ್ಗ ಎಂಬ ಭತ್ತವನ್ನೂ ಹಾಕಿ ನೋಡಿದ್ದೇನೆ. ಉಪ್ಪಿಗೆ ಅದರ ಸಮ ಇನ್ನೊಂದಿಲ್ಲ, ಉದ್ದ ಮೀಸೆಯಿರುವುದರಿಂದ ಹಕ್ಕಿಯ ಕಾಟವೂ ಕಡಿಮೆ, ಆದರೆ ಇಳುವರಿ ಪಂಚಮುಖಿಯ ಅರ್ಧಕ್ಕೂ ಬರಲಿಲ್ಲ. ತಳಿ ಕೈಬಿಟ್ಟು ಹೋಗಬಾರದೆಂದು ಸ್ವಲ್ಪ ಉಳಿಸಿಕೊಂಡಿದ್ದೇನೆ. ಕಾರ್ತಿ ಕೊಯ್ದ ಮೇಲೆ ಎತ್ತರದ ಎರಡು ಗದ್ದೆಗಳಲ್ಲಿ ಉದ್ದು ಬಿತ್ತುತ್ತೇನೆ. ಕೆಳಗಿನವುಗಳಲ್ಲಿ ಫೆಬ್ರವರಿ ಹೊತ್ತಿಗೆ ಉಪ್ಪು ಬೆಳ್ಳಗೆ ಮೇಲೇಳುವುದರಿಂದ ಅಲ್ಲಿ ಪ್ರಯತ್ನವನ್ನೇ ಬಿಟ್ಟಿದ್ದೇನೆ.

ಈಗ ಎಕರೆಗೆ ಕೊಯ್ಲಿನ ಬಾಡಿಗೆ ಸೇರಿ ಇಪ್ಪತ್ತೆಂಟು ಸಾವಿರದಷ್ಟು ಖರ್ಚು ಬೀಳುತ್ತದೆ. ನೆರೆ ನಿಲ್ಲದ ವರ್ಷ ಹದಿನೇಳು ಹದಿನೆಂಟು ಕ್ವಿಂಟಲ್, ನಿಂತ ವರ್ಷ ಹನ್ನೆರಡು ಹದಿಮೂರು. ಕ್ವಿಂಟಲಿಗೆ ಎರಡು ಸಾವಿರದ ಮುನ್ನೂರು ನಾನೂರು ಸಿಕ್ಕರೂ ಕೆಟ್ಟ ವರ್ಷದಲ್ಲಿ ಹಾಕಿದ್ದು ವಾಪಸು ಬರುತ್ತದೆ, ಒಳ್ಳೆಯ ವರ್ಷದಲ್ಲಿ ಹನ್ನೆರಡು ಹದಿಮೂರು ಸಾವಿರ ಮಿಗುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವ ಮೊದಲೇ ನಮ್ಮ ಕೊಯ್ಲು ಮುಗಿದು ಭತ್ತ ಮಿಲ್ಲಿಗೆ ಹೋಗಿರುತ್ತದೆ. ಅಕ್ಟೋಬರಿನಲ್ಲೇ ತೆರೆದರೆ ಗದ್ದೆಯನ್ನು ಹಡಿಲು (ಪಾಳು) ಬಿಟ್ಟವರಲ್ಲಿ ಹಲವರು ಗದ್ದೆಗೆ ಮರಳುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಸರು ಹಿಡಿದ ಬೈಹುಲ್ಲನ್ನು ದನ ಮೂಸುವುದಿಲ್ಲ, ಅದು ತೆಂಗಿನ ಬುಡಕ್ಕೆ ಹೋಗುತ್ತದೆ.

ಬೀಜಕ್ಕೆ ನೀರು ಮುಟ್ಟದ ಮೇಲಿನ ಗದ್ದೆಯ ಭತ್ತವನ್ನಷ್ಟೇ ಬೇರೆಯಾಗಿ ಒಣಗಿಸಿಡುತ್ತೇನೆ. ಬೇಕಾದವರು ಏಪ್ರಿಲ್ ನಡುವಿನ ಬಿಸು ಹಬ್ಬದ ಮೊದಲು ಹೇಳಬೇಕು, ಆಮೇಲೆ ಕೊಡಲು ನನ್ನಲ್ಲಿ ಉಳಿದಿರುವುದಿಲ್ಲ.