ಹತ್ತಕ್ಕೆ ಏಳು ಬಂದರೆ ಪಾಸೋ ಫೇಲೋ? ಪ್ರಾಸ್ಟೇಟ್ ಕ್ಯಾನ್ಸರ್ ರಿಪೋರ್ಟ್ ಓದುವುದು ಹೀಗೆ

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪ ಪ್ರಾಸ್ಟೇಟಿನ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಬಯಾಪ್ಸಿ ರಿಪೋರ್ಟ್ ಕೈಗೆ ಸಿಕ್ಕಿದ್ದೇ ಶಿವಮೊಗ್ಗ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದರು. "ಹತ್ತಕ್ಕೆ ಏಳು ಅಂತ ಬರೆದಿದ್ದಾರೆ ಮಾರಾಯ. ಇದು ಪಾಸೋ ಫೇಲೋ?" ನನಗೂ ಗೊತ್ತಿರಲಿಲ್ಲ. ಆಮೇಲೆ ಡಾಕ್ಟರ ಎದುರು ಕೂತು ಕೇಳಿ ತಿಳಿದಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಪಿಎಸ್ಎ ನೋಡಿ, ಹೆದರಬೇಡಿ

ಇದು ರಕ್ತ ಪರೀಕ್ಷೆ. 4 ದಾಟಿದರೆ ಸಾಮಾನ್ಯವಾಗಿ ಅನುಮಾನ ಶುರು. ಆದರೆ ಮೂತ್ರದ ಸೋಂಕಿದ್ದರೂ, ವಯಸ್ಸಿಗೆ ಗ್ರಂಥಿ ದಪ್ಪವಾಗಿದ್ದರೂ, ಮೂತ್ರಕ್ಕೆ ಪೈಪ್ ಹಾಕಿದ್ದರೂ ಅದು ಏರುತ್ತದೆ. ಉಲ್ಟಾ ಕೂಡ ಆಗುತ್ತದೆ. ಮೂತ್ರ ಸಲೀಸಾಗಲಿ ಎಂದು ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರೆ ಪಿಎಸ್ಎ ಸುಮಾರು ಅರ್ಧಕ್ಕೆ ಇಳಿದು ಸುಳ್ಳು ಸಮಾಧಾನ ಕೊಡುತ್ತದೆ. ಮಾತ್ರೆ ಚೀಟಿಯನ್ನು ಡಾಕ್ಟರಿಗೆ ತೋರಿಸಲೇಬೇಕು.

ಹಂತ 2: ಎಂಆರ್‌ಐ, ಬಯಾಪ್ಸಿ

ಎಂಆರ್‌ಐ ರಿಪೋರ್ಟಿನಲ್ಲಿ ಪೈರ್ಯಾಡ್ಸ್ ಎಂದು 1ರಿಂದ 5ರವರೆಗೆ ಒಂದು ಅಂಕಿ ಇರುತ್ತದೆ. 4 ಅಥವಾ 5 ಇದ್ದರೆ ಅನುಮಾನ ಜಾಸ್ತಿ, ಅಷ್ಟೇ. ಖಾತ್ರಿ ಮಾಡುವುದು ಬಯಾಪ್ಸಿ. ಸೂಜಿಯಿಂದ ದಾರದ ಎಳೆಯಂಥ ತುಣುಕುಗಳನ್ನು, ಸಾಮಾನ್ಯವಾಗಿ ಹನ್ನೆರಡರಷ್ಟು, ತೆಗೆಯುತ್ತಾರೆ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮೂರಲ್ಲೂ ಓಡಾಡುತ್ತದೆ. ಆ ಭಯಕ್ಕೆ ಪರೀಕ್ಷೆ ಬಿಡಬೇಡಿ. ನಿಜಕ್ಕೂ ಗಮನ ಕೊಡಬೇಕಾದ್ದು ಜ್ವರಕ್ಕೆ. ಬಯಾಪ್ಸಿ ಆದಮೇಲೆ ಚಳಿಜ್ವರ ಬಂದರೆ ಕಷಾಯ ಕುಡಿದು ಮಲಗದೆ ಆಸ್ಪತ್ರೆಗೆ ಹೊರಡಿ.

ಹಂತ 3: ಗ್ರೇಡು

ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನೋಡಿಯೇ ಬೇರೆ ಮಾಡುತ್ತಾರಲ್ವಾ? ಪೆಥಾಲಜಿ ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ಮಾಡುವುದೂ ಹೆಚ್ಚುಕಮ್ಮಿ ಅದನ್ನೇ. ಅಮೆರಿಕದ ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ಕಟ್ಟಿದ ಪದ್ಧತಿ ಇದು. ತುಣುಕಿನೊಳಗೆ ಕಾಣುವ ಪುಟ್ಟ ಪುಟ್ಟ ಗ್ರಂಥಿಗಳ ಆಕಾರ ಇನ್ನೂ ಬಿಡಿಬಿಡಿಯಾಗಿ ಚೆನ್ನಾಗಿದ್ದರೆ 3. ಒಂದಕ್ಕೊಂದು ಅಂಟಿ ಕೆಟ್ಟಿದ್ದರೆ 4. ಆಕಾರವೇ ಇಲ್ಲದಿದ್ದರೆ 5.

ಹೆಚ್ಚು ಕಂಡ ನಮೂನೆಯ ಅಂಕಿ ಮೊದಲು, ಜೊತೆಗಿರುವ ಇನ್ನೊಂದರದ್ದು ಆಮೇಲೆ. ಎರಡೂ ಕೂಡಿದರೆ ಗ್ಲೀಸನ್ ಸ್ಕೋರ್. ಒಂದೇ ನಮೂನೆ ಇದ್ದರೆ ಅದನ್ನೇ ಎರಡು ಸಲ ಕೂಡುತ್ತಾರೆ, 3+3 ಅಂತ. ಹಾಗಾಗಿ ಈಗ ಬಯಾಪ್ಸಿಯಲ್ಲಿ ಲೆಕ್ಕ ಶುರುವಾಗುವುದೇ 6ರಿಂದ! ಹತ್ತಕ್ಕೆ ಆರು ಎಂದರೆ ಅತಿ ಕಡಿಮೆ ಗ್ರೇಡು. ಇದು ತಿಳಿಯದೆ ಎಷ್ಟು ಮನೆಯಲ್ಲಿ ಊಟ ಬಿಟ್ಟು ಕೂತಿದ್ದಾರೋ.

ಚಿಕ್ಕಪ್ಪನದು 3+4. ಅದೇ 4+3 ಆದರೂ ಮೊತ್ತ ಏಳೇ. ಆದರೆ ಚೀಲದಲ್ಲಿ ಕೆಟ್ಟದ್ದೇ ಹೆಚ್ಚಿದ್ದ ಹಾಗೆ ಅದು, ಬೇರೆ ಲೆಕ್ಕ. ಈ ಗೊಂದಲಕ್ಕೇ ಈಗ 1ರಿಂದ 5ರ ಗ್ರೇಡ್ ಗ್ರೂಪ್ ಬಂದಿದೆ. 6 ಇದ್ದರೆ ಗ್ರೂಪ್ 1, 3+4 ಗ್ರೂಪ್ 2, 4+3 ಗ್ರೂಪ್ 3, 8 ಇದ್ದರೆ ಗ್ರೂಪ್ 4, 9 ಮತ್ತು 10 ಗ್ರೂಪ್ 5. ರಿಪೋರ್ಟಿನಲ್ಲಿ ಮೊದಲು ಈ ಸಾಲನ್ನು ಹುಡುಕಿ.

ಹಂತ 4: ಎಷ್ಟು ದೂರ ಹೋಗಿದೆ?

ಗ್ರೇಡು ಬೇರೆ, ಸ್ಟೇಜು ಬೇರೆ. ಟಿ ಎಂದರೆ ಗ್ರಂಥಿಯಲ್ಲಿನ ಗಡ್ಡೆ, ಎನ್ ಎಂದರೆ ಹಾಲ್ರಸ ಗ್ರಂಥಿಗೆ (ಲಿಂಫ್ ನೋಡ್) ತಾಗಿದ್ದು, ಎಂ ಎಂದರೆ ದೂರಕ್ಕೆ ಹರಡಿದ್ದು. ಈ ಕ್ಯಾನ್ಸರ್ ಹೆಚ್ಚಾಗಿ ಬೆನ್ನು, ಸೊಂಟದ ಮೂಳೆಗೆ ಹೋಗುತ್ತದೆ. ಅದಕ್ಕೇ ಅಪಾಯ ಹೆಚ್ಚಿದ್ದವರಿಗೆ ಬೋನ್ ಸ್ಕ್ಯಾನ್ ಅಥವಾ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬರೆಯುತ್ತಾರೆ.

ಹಂತ 5: ಚಿಕಿತ್ಸೆ, ಮುಂದಿನ ದಾರಿ

ಗ್ರೂಪ್ 1 ಇದ್ದು ಗ್ರಂಥಿಯೊಳಗೇ ಇದ್ದರೆ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ನಿಗಾ ಇಡುವುದೇ ದಾರಿ. ಸುಮ್ನೆ ಬಿಡುವುದಲ್ಲ. ಆಗಾಗ ಪಿಎಸ್ಎ, ಬೇಕಾದಾಗ ಎಂಆರ್‌ಐ, ಮತ್ತೆ ಬಯಾಪ್ಸಿ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗಿನ ಕ್ಯಾನ್ಸರಿನ 1,643 ಗಂಡಸರನ್ನು ಮೂರು ಗುಂಪು ಮಾಡಿ ಆಪರೇಷನ್, ರೇಡಿಯೇಷನ್, ನಿಗಾ ಹೋಲಿಸಿದರು. ಸುಮಾರು 15 ವರ್ಷದ ನಂತರ ಮೂರೂ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಇಬ್ಬರು ಮೂವರಷ್ಟು. ಆ 1,643 ಜನರಲ್ಲಿ ಹೆಚ್ಚಿನವರದು ಕಡಿಮೆ ಅಥವಾ ಮಧ್ಯಮ ಅಪಾಯದ್ದು ಎನ್ನುವುದು ನೆನಪಿರಲಿ. ಗ್ರೂಪ್ 4, 5ಕ್ಕೆ ಈ ಧೈರ್ಯ ಹೊಂದದು. ಅಲ್ಲಿ ತಡ ಮಾಡಬಾರದು.

ಆಪರೇಷನ್ ಆದಮೇಲೆ ಮೂತ್ರ ಸೋರಬಹುದು, ನಿಮಿರುವಿಕೆ ಕಡಿಮೆಯಾಗಬಹುದು. ರೇಡಿಯೇಷನ್ನಿನಿಂದ ಮಲ, ಮೂತ್ರದ ಕಿರಿಕಿರಿ ಆಗಬಹುದು. ನಮ್ಮ ಗಂಡಸರು ಇದನ್ನು ಕೇಳಲು ನಾಚುತ್ತಾರೆ. ಚಿಕ್ಕಪ್ಪ ಚಿಕ್ಕಮ್ಮನನ್ನು ಹೊರಗೆ ಕಳಿಸಿ ಕೇಳಿದರು. ಚಿಕ್ಕಮ್ಮನಿಗೂ ಅದೇ ಪ್ರಶ್ನೆ ಇತ್ತಂತೆ!

ಮೂಳೆಗೆ ಹರಡಿದ್ದರೂ ದಾರಿ ಮುಚ್ಚುವುದಿಲ್ಲ. ಗಂಡು ಹಾರ್ಮೋನು ಇಳಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು 1941ರಲ್ಲೇ ತೋರಿಸಿದ ಚಾರ್ಲ್ಸ್ ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಈಗ ಅದಕ್ಕೆ ಇಂಜೆಕ್ಷನ್ ಇದೆ, ಜೊತೆಗೆ ಅಬಿರಾಟರೋನ್‌ನಂಥ ಮಾತ್ರೆಗಳಿವೆ. ಪೂರ್ತಿ ವಾಸಿಯಾಗದಿದ್ದರೂ ಎಷ್ಟೋ ಜನರಿಗೆ ವರ್ಷಗಟ್ಟಲೆ ಹಿಡಿತದಲ್ಲಿರುತ್ತದೆ.

ಹಂತ 6: ಎರಡನೇ ಅಭಿಪ್ರಾಯಕ್ಕೆ ಹೊರಟಾಗ

ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವುದಾದರೆ ರಿಪೋರ್ಟ್ ಕಾಗದ ಮಾತ್ರ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡು, ತುಣುಕು ಇಟ್ಟಿರುವ ಮೇಣದ ಬ್ಲಾಕು, ಎಂಆರ್‌ಐ ಸಿಡಿ ಎಲ್ಲವನ್ನೂ ಲ್ಯಾಬಿನಿಂದ ಕೇಳಿ ತಗೊಳ್ಳಿ. ಬಿಪಿಎಲ್ ಕಾರ್ಡ್, ಆಧಾರ್ ಕೂಡ ಇರಲಿ, ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತದೆ. ಚಿಕ್ಕಪ್ಪ ಆಗುಂಬೆ ಘಾಟಿ ಇಳಿದಿದ್ದು ಜುಲೈ ಮಳೆಯಲ್ಲಿ. ಸ್ಲೈಡುಗಳನ್ನು ಹಳೇ ಪಂಚೆಯಲ್ಲಿ ಸುತ್ತಿ, ಮೇಲೊಂದು ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಕಿ, ಮಡಿಲಲ್ಲಿ ಇಟ್ಟುಕೊಂಡಿದ್ದರು.