ನುಡಿ ಫಾಂಟಿನ ಹಳೆಯ ಇಮೇಲ್‌ಗಳನ್ನು ಮರಳಿ ಟೈಪಿಸದೆ ಓದಿದ್ದು: ನನ್ನ ಅನುಭವ

ಶಿರಸಿಯ ನನ್ನ ಮುದ್ರಣಾಲಯದ ಕಂಪ್ಯೂಟರಿನಲ್ಲಿ 2006ರಿಂದ 2011ರವರೆಗೆ ಬಂದ, ಯಕ್ಷಗಾನ ಪ್ರಸಂಗದ ಪದ್ಯಗಳಿರುವ ಇನ್ನೂರರಷ್ಟು ಇಮೇಲ್‌ಗಳು ಉಳಿದಿದ್ದವು. ಮುಂಬಯಿಯಲ್ಲಿದ್ದ ಕವಿಯೊಬ್ಬರು ಕನ್ನಡ ಟೈಪಿಸುವ ತಂತ್ರಾಂಶವಾದ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಆಕಾರ ತೋರಿಸುವ ಫಾಂಟಿನಲ್ಲಿ, ಅವನ್ನು ಟೈಪಿಸಿ ಕಳುಹಿಸುತ್ತಿದ್ದರು. ಕೈಬರಹದ ಪ್ರತಿ ಇದ್ದರೂ ಅವರ ಕೊನೆಯ ತಿದ್ದುಪಡಿಗಳೆಲ್ಲ ಈ ಪತ್ರಗಳಲ್ಲಿಯೇ ಇದ್ದವು. ಪುಸ್ತಕ ಮಾಡಬೇಕೆಂದು ಅವರ ಮಗ ಬಂದಾಗ ತೆರೆದು ನೋಡಿದರೆ, ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿ. ಹುಬ್ಬಳ್ಳಿಯ ಪರಿಚಿತರೊಬ್ಬರು ಇವು ಇನ್ನು ಓದಲು ಬರುವುದಿಲ್ಲವೆಂದು ಹೇಳಿ, ಕೈಬರಹದಿಂದಲೇ ಟೈಪಿಸಲು ಹನ್ನೆರಡು ಸಾವಿರದ ಲೆಕ್ಕ ಕೊಟ್ಟರು.

ನಾನು ಒಪ್ಪಲಿಲ್ಲ. ಇಮೇಲ್ ಓದುವ ಪ್ರೋಗ್ರಾಂ ಆದ ಥಂಡರ್‌ಬರ್ಡ್‌ನ ಹಳೆಯ ಆವೃತ್ತಿಯೊಂದನ್ನು ಬೇರೆ ಪ್ರೊಫೈಲಿನಲ್ಲಿ (ಪ್ರತ್ಯೇಕ ಸೆಟ್ಟಿಂಗುಗಳ ಕಡತದಲ್ಲಿ) ಹಾಕಿಕೊಂಡು, ಫಾಂಟ್ ಸೆಟ್ಟಿಂಗಿನಲ್ಲಿ ಲ್ಯಾಟಿನ್ ಗುಂಪಿನ ಸೆರಿಫ್ ಮತ್ತು ಸ್ಯಾನ್ಸ್‌ಸೆರಿಫ್ ಎರಡಕ್ಕೂ ನುಡಿ ಫಾಂಟನ್ನೇ ಕೊಟ್ಟೆ. ಏನೂ ಬದಲಾಗಲಿಲ್ಲ. ನಾಲ್ಕು ಸಂಜೆ ಅದರಲ್ಲಿಯೇ ಕಳೆದುಹೋದವು. ಪತ್ರಗಳು ಸಾದಾ ಪಠ್ಯದವಾಗಿದ್ದರಿಂದ ಪ್ರೋಗ್ರಾಂ ಅವುಗಳಿಗೆ ಮಾನೋಸ್ಪೇಸ್ (ಸಮ ಅಗಲದ) ಫಾಂಟನ್ನು ಬಳಸುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಸಾದಾ ಪಠ್ಯಕ್ಕೆ ಸಮ ಅಗಲದ ಫಾಂಟ್ ಬಳಸಬೇಕೆಂಬ ಗುರುತನ್ನು ತೆಗೆದೊಡನೆ ಮೊದಲ ಪದ್ಯ ಕನ್ನಡವಾಗಿ ಎದ್ದು ನಿಂತಿತು. ವಿನ್ಯಾಸವನ್ನೂ ಹೊತ್ತು ಬರುವ ಎಚ್‌ಟಿಎಂಎಲ್ ಪತ್ರಗಳಿಗಾಗಿ, ಪತ್ರವು ತನ್ನದೇ ಫಾಂಟ್ ಬಳಸಲು ಕೊಟ್ಟಿದ್ದ ಅನುಮತಿಯನ್ನೂ ತೆಗೆಯಬೇಕಾಯಿತು.

ಆದರೂ ಒತ್ತಕ್ಷರಗಳಿರಬೇಕಾದ ಕಡೆ ಕರಿಯ ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಬರುತ್ತಿತ್ತು. ನುಡಿಯ ಹಲವು ಒತ್ತು ಮತ್ತು ಗುಣಿತ ಚಿಹ್ನೆಗಳು 128ಕ್ಕಿಂತ ಮೇಲಿನ ಸ್ಥಾನಗಳಲ್ಲಿವೆ. ಎನ್‌ಕೋಡಿಂಗ್ (ಬೈಟುಗಳನ್ನು ಅಕ್ಷರಗಳಾಗಿ ಓದುವ ಕ್ರಮ) ಯಾವುದೆಂದು ಹೇಳದ ಆ ಪತ್ರಗಳನ್ನು ಪ್ರೋಗ್ರಾಂ ಯೂನಿಕೋಡಿನ ಯುಟಿಎಫ್-8 ಎಂದು ಓದಿ ಆ ಬೈಟುಗಳನ್ನು ಕಳೆಯುತ್ತಿತ್ತು. ವ್ಯೂ ಮೆನುವಿನಲ್ಲಿ ಎನ್‌ಕೋಡಿಂಗನ್ನು ವೆಸ್ಟರ್ನ್ ಎಂದು ಬದಲಿಸಿದೆ, ಒತ್ತುಗಳೆಲ್ಲ ಬಂದವು. ಈ ಪ್ರೊಫೈಲಿನಲ್ಲಿ ಇಂಗ್ಲಿಷ್ ಪತ್ರಗಳು ಕೆಡುತ್ತವೆ, ಆದ್ದರಿಂದ ದಿನದ ಕೆಲಸದ ಪ್ರೊಫೈಲನ್ನು ಮುಟ್ಟಬಾರದು.

ಇದೇ ಹುರುಪಿನಲ್ಲಿ ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫಾಂಟಿನಲ್ಲಿ ಬಂದಿದ್ದ ಹತ್ತಾರು ಪತ್ರಗಳಿಗೂ ನುಡಿ ಫಾಂಟನ್ನೇ ಕೊಟ್ಟು ನೋಡಿದೆ. ಅದರ ಅಕ್ಷರಸ್ಥಾನಗಳೇ ಬೇರೆಯಾದ್ದರಿಂದ ಅದು ಕೂಡಲಿಲ್ಲ. ಪುಸ್ತಕಕ್ಕಾಗಿ ಪದ್ಯಗಳನ್ನು ಯೂನಿಕೋಡಿಗೆ, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿರುವ ಈಗಿನ ವ್ಯವಸ್ಥೆಗೆ, ಪರಿವರ್ತಿಸುವಾಗ ಅರ್ಕಾವತ್ತು ತುಂಬ ಕಾಡಿತು: ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಟೈಪಿಸಿದ್ದರೆ, ಯೂನಿಕೋಡಿನಲ್ಲಿ ರಕಾರ ಮುಂದೆ ಬರಬೇಕು. ಮೊದಲ ಸಲ ಅದನ್ನು ಗಮನಿಸದೆ ಎರಡು ಫಾರಂ (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು) ಮುದ್ರಿಸಿ, ಕಾಗದ ಮತ್ತು ಪ್ಲೇಟು ಸೇರಿ ಮೂರೂವರೆ ಸಾವಿರದಷ್ಟು ಕಳೆದುಕೊಂಡೆ. ಯಾವುದನ್ನು ಮೊದಲು ಬದಲಿಸಬೇಕು, ಯಾವುದನ್ನು ಕೊನೆಗೆ ಎಂಬ ನನ್ನ ಅನುಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅಂಗಡಿಯ ಗಳಿಕೆ.

ನನ್ನಿಂದ ಹೋಗುವ ಪತ್ರಗಳೀಗ ಯುಟಿಎಫ್-8ರಲ್ಲಿಯೇ ಹೋಗುತ್ತವೆ. ದಿನದ ಪ್ರೊಫೈಲಿನಲ್ಲಿ ಕನ್ನಡಕ್ಕೆ ನೋಟೋ ಸ್ಯಾನ್ಸ್ ಫಾಂಟನ್ನು 18ರ ಗಾತ್ರದಲ್ಲಿಟ್ಟಿದ್ದೇನೆ, ಅದಕ್ಕಿಂತ ಸಣ್ಣದಾದರೆ ಪ್ರೂಫ್ ನೋಡುವಾಗ ಒತ್ತುಗಳು ಕಣ್ಣಿಗೆ ತಪ್ಪುತ್ತವೆ. ಪುಸ್ತಕ ಹೊರಬಂದ ಮೇಲೆ ಹುಬ್ಬಳ್ಳಿಯ ಅದೇ ಪರಿಚಿತರು ತಮ್ಮಲ್ಲಿದ್ದ ಹಳೆಯ ಪತ್ರಗಳ ಕಡತವನ್ನು ನನಗೆ ಕಳುಹಿಸಿದ್ದಾರೆ.